ಸೆರೆಮನೆಯಲ್ಲಿ ಅರಳಿದ ಭರವಸೆ



ಧರ್ಮಕೇಂದ್ರದ ಮನೆಗಳನ್ನು ಸಂದರ್ಶಿಸುವ ಯಾವ ಗುರುವಿಗೂ ಒಂದು ಪ್ರಶ್ನೆ ಅಪರಿಚಿತವಲ್ಲ. ವರ್ಷಗಳಿಂದ ಹಾಸಿಗೆ ಹಿಡಿದ ತಂದೆಯ ಬಳಿ ಕುಳಿತ ಮಗಳು ಅದನ್ನು ಕೇಳುತ್ತಾಳೆ. ಮಗ ಕುಡಿತಕ್ಕೆ ಬಿದ್ದ ಮನೆಯ ತಾಯಿ ಕೇಳುತ್ತಾಳೆ. ಮೂರು ವರ್ಷ ಮಳೆ ಕೈಕೊಟ್ಟು, ನಾಲ್ಕನೆಯ ವರ್ಷ ಬೆಳೆ ಕೈಗೆ ಬಂದಾಗ ಬೆಲೆ ಬಿದ್ದುಹೋದ ರೈತ ಕೇಳುತ್ತಾನೆ. "ಇನ್ನು ಯಾವ ಭರವಸೆ ಉಳಿದಿದೆ ಸ್ವಾಮಿ?" ಎಂಬುದೇ ಆ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಉತ್ತರಗಳು ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತವೆ. ಒಂದು, "ಚಿಂತಿಸಬೇಡಿ, ಎಲ್ಲ ಸರಿಹೋಗುತ್ತದೆ" ಎಂಬುದು. ಇನ್ನೊಂದು, "ದೇವರ ಚಿತ್ತ, ಸಹಿಸಿಕೊಳ್ಳಿ" ಎಂಬುದು. ಎರಡನ್ನೂ ನಾವು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಮೊದಲನೆಯದು ನಮ್ಮ ಕೈಯಲ್ಲಿಲ್ಲದ ವಿಷಯಕ್ಕೆ ಮಾತು ಕೊಡುತ್ತದೆ. ಎಲ್ಲ ಕಾಯಿಲೆಗಳೂ ವಾಸಿಯಾಗುವುದಿಲ್ಲ, ಎಲ್ಲ ಸಾಲಗಳೂ ತೀರುವುದಿಲ್ಲ. ಎರಡನೆಯದು, ಅಳೆದು ತೂಗದೆ ಆಡಿದರೆ, ಈಗಾಗಲೇ ಬಾಗಿದ ಬೆನ್ನಿನ ಮೇಲೆ ಮತ್ತೊಂದು ಹೊರೆಯನ್ನು ಹೇರುತ್ತದೆ. ಹಾಗಾದರೆ ಕ್ರೈಸ್ತ ವಿಶ್ವಾಸ ಹೇಳುವ ಭರವಸೆ ಯಾವುದು? ಅದು ಈ ಎರಡು ಮಾತುಗಳಿಗಿಂತ ಬೇರೆಯಾದದ್ದೇ? ಈ ತಿಂಗಳು ಇದನ್ನು ನಿಮ್ಮೊಡನೆ ಸ್ವಲ್ಪ ಆಳವಾಗಿ ಚಿಂತಿಸಬಯಸುತ್ತೇನೆ.

ಆಸೆ ಬೇರೆ, ಭರವಸೆ ಬೇರೆ

ನಮ್ಮ ಕನ್ನಡ ಭಾಷೆಯೇ ಇಲ್ಲಿ ನಮಗೆ ಮೊದಲ ಪಾಠವನ್ನು ಕಲಿಸುತ್ತದೆ. 'ಆಸೆಪಟ್ಟೆ' ಎನ್ನುತ್ತೇವೆ; ಆಸೆ ನಮ್ಮೊಳಗೇ ಹುಟ್ಟುತ್ತದೆ. 'ನಿರೀಕ್ಷಿಸಿದೆ' ಎನ್ನುತ್ತೇವೆ, ನಿರೀಕ್ಷೆ ನಮ್ಮ ಲೆಕ್ಕಾಚಾರದಿಂದ ಮೂಡುತ್ತದೆ. ಆದರೆ ಭರವಸೆಯನ್ನು ನಾವು 'ಇಟ್ಟುಕೊಳ್ಳುವುದು' ಮಾತ್ರವಲ್ಲ, ಇನ್ನೊಬ್ಬರು ಅದನ್ನು ನಮಗೆ 'ಕೊಡುತ್ತಾರೆ'. "ಅಣ್ಣ ಭರವಸೆ ಕೊಟ್ಟಿದ್ದಾನೆ" ಎಂದರೆ ಅಲ್ಲೊಬ್ಬ ವ್ಯಕ್ತಿ ಇದ್ದಾನೆ, ಅವನ ಮಾತಿದೆ, ಆ ಮಾತಿನ ಹಿಂದೆ ಅವನ ಪ್ರೀತಿಯಿದೆ. ಆಸೆಗೆ ಒಂದು ವಸ್ತು ಸಾಕು. ಭರವಸೆಗೆ ಒಬ್ಬ ವ್ಯಕ್ತಿ ಬೇಕು.

13ನೆಯ ಶತಮಾನದ ಮಹಾ ಧರ್ಮಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರು ಭರವಸೆಯ ವಸ್ತುವಿಗೆ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. ಅದು ಒಳ್ಳೆಯದಾಗಿರಬೇಕು, ಕೆಟ್ಟದ್ದಕ್ಕೆ ನಾವು ಹೆದರುತ್ತೇವೆಯೇ ಹೊರತು ಭರವಸೆ ಇಡುವುದಿಲ್ಲ. ಅದು ಮುಂದೆ ಬರಬೇಕಾದದ್ದಾಗಿರಬೇಕು. ಕೈಯಲ್ಲಿರುವುದಕ್ಕೆ ಭರವಸೆ ಬೇಕಿಲ್ಲ. ಅದು ಕಷ್ಟಸಾಧ್ಯವಾಗಿರಬೇಕು, ಸುಲಭವಾಗಿ ದೊರೆಯುವುದಕ್ಕೆ ಬಯಕೆಯೊಂದೇ ಸಾಕು. ಕೊನೆಯದಾಗಿ, ಅದು ಸಾಧ್ಯವಾದದ್ದಾಗಿರಬೇಕು. ಅಸಾಧ್ಯವಾದುದರ ಮುಂದೆ ಮನುಷ್ಯ ನಿರಾಶನಾಗುತ್ತಾನೆ. ಆದರೆ ಸಾಧ್ಯ ಎಂದರೆ ಯಾರಿಗೆ ಸಾಧ್ಯ? ಸ್ನೇಹಿತರ ಮೂಲಕ ನಮಗೆ ಸಾಧ್ಯವಾಗುವುದೂ ಒಂದು ಬಗೆಯಲ್ಲಿ ನಮಗೇ ಸಾಧ್ಯವಾದಂತೆ ಎಂದು ಪ್ರಾಚೀನ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದನ್ನು ಅಕ್ವಿನಾಸರು ಎತ್ತಿಕೊಳ್ಳುತ್ತಾರೆ. ನಮ್ಮ ಸ್ವಂತ ಬಲದಿಂದ ಆಗದ್ದು ದೇವರ ನೆರವಿನಿಂದ ಆಗುತ್ತದೆ; ಆದುದರಿಂದಲೇ ಭರವಸೆ ದೇವರ ಮೇಲೆ ಒರಗಿಕೊಳ್ಳುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಿ. ಕಷ್ಟವಿಲ್ಲದ ಕಡೆ ಭರವಸೆಯೇ ಇಲ್ಲ. ಭರವಸೆ ಇದ್ದರೆ ಕಷ್ಟ ಬರುವುದಿಲ್ಲ ಎಂದು ನಾವು ಎಣಿಸುತ್ತೇವೆ. ಆದರೆ ಕಷ್ಟವೇ ಭರವಸೆಯ ನೆಲ. ಇದನ್ನು ಬರಿಯ ತರ್ಕದಿಂದ ತಿಳಿಯುವುದಕ್ಕಿಂತ, ಬಾಳಿ ತೋರಿಸಿದ ಒಬ್ಬರಿಂದ ಕಲಿಯುವುದು ಮೇಲು.

ಹದಿಮೂರು ವರ್ಷಗಳ ಸೆರೆವಾಸ

ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್ ಅವರು 1928ರ ಏಪ್ರಿಲ್ 17ರಂದು ವಿಯೆಟ್ನಾಮಿನ ಹ್ವೆ ನಗರದಲ್ಲಿ ಹುಟ್ಟಿದರು. ಗೋವೆಯಲ್ಲಿ ಯಾರ ಪವಿತ್ರ ಶರೀರದ ದರ್ಶನಕ್ಕೆ ನಮ್ಮ ನಾಡಿನ ಕುಟುಂಬಗಳು ತಲೆಮಾರುಗಳಿಂದ ಹೋಗಿಬರುತ್ತಿವೆಯೋ ಆ ಸಂತರ ಹೆಸರನ್ನೇ ತಂದೆತಾಯಿ ಈ ಮಗುವಿಗೆ ಇಟ್ಟಿದ್ದರು. ಅವರ ಪೂರ್ವಜರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತವರಿದ್ದರು. 1953ರಲ್ಲಿ ಅವರು ಗುರುದೀಕ್ಷೆ ಪಡೆದರು. ರೋಮಿನಲ್ಲಿ ಧರ್ಮಸಭೆಯ ಕಾನೂನನ್ನು ಅಭ್ಯಾಸ ಮಾಡಿದರು. 1967ರಲ್ಲಿ ನ್ಹಾ ಟ್ರಾಂಗ್ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾದರು. ಎಂಟು ವರ್ಷಗಳ ಕಾಲ ಗುರುಮಠಗಳನ್ನು ಬೆಳೆಸುತ್ತ, ಶ್ರೀಸಾಮಾನ್ಯ ವಿಶ್ವಾಸಿಗಳನ್ನು ತರಬೇತುಗೊಳಿಸುತ್ತ, ಯುವಜನರನ್ನು ಒಟ್ಟುಗೂಡಿಸುತ್ತ ದುಡಿದರು.

1975ರ ಏಪ್ರಿಲ್ 24ರಂದು ಅವರನ್ನು ಸೈಗಾನಿನ ಉತ್ತರಾಧಿಕಾರಿ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಲಾಯಿತು. ಅದಾದ ಆರನೆಯ ದಿನ, ಏಪ್ರಿಲ್ 30ರಂದು, ಸೈಗಾನ್ ಕಮ್ಯುನಿಸ್ಟ್ ಸೇನೆಯ ವಶವಾಯಿತು. 1963ರಲ್ಲಿ ಹತ್ಯೆಗೀಡಾದ ದಕ್ಷಿಣ ವಿಯೆಟ್ನಾಮಿನ ರಾಷ್ಟ್ರಾಧ್ಯಕ್ಷ ನ್ಗೊ ದಿನ್ ದಿಯೆಮ್ ಅವರ ಸೋದರಳಿಯ ಈ ಧರ್ಮಾಧ್ಯಕ್ಷರು. ಹೊಸ ಆಳ್ವಿಕೆಗೆ ಅವರ ಮೇಲೆ ಸಂಶಯ. ಅದೇ ವರ್ಷ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ಅವರನ್ನು ಬಂಧಿಸಲಾಯಿತು. ನಾವು ಇಲ್ಲಿ ಸ್ವಾತಂತ್ರ್ಯದ ಧ್ವಜವನ್ನು ಏರಿಸುವ ದಿನವೇ ಅವರ ಸ್ವಾತಂತ್ರ್ಯ ಕಳೆದುಹೋಯಿತು. ಆಗ ಅವರಿಗೆ ನಲವತ್ತೇಳು ವರ್ಷ. ವಿಚಾರಣೆ ಇಲ್ಲ, ತೀರ್ಪಿಲ್ಲ, ಶಿಕ್ಷೆಯ ಅವಧಿ ಎಷ್ಟೆಂಬುದೂ ಇಲ್ಲ. ಹೊರಬಂದದ್ದು 1988ರ ನವೆಂಬರ್ 21ರಂದು. ಹದಿಮೂರು ವರ್ಷಗಳು, ಅವುಗಳಲ್ಲಿ ಒಂಬತ್ತು ವರ್ಷ ಒಂಟಿ ಸೆರೆ.

ಅವಧಿಯಿಲ್ಲದ ಸೆರೆವಾಸ ಎಷ್ಟು ಕ್ರೂರ ಎಂಬುದನ್ನು ಯೋಚಿಸಿ ನೋಡಿ. ಐದು ವರ್ಷದ ಶಿಕ್ಷೆಯಾದವನು ದಿನಗಳನ್ನು ಗೋಡೆಯ ಮೇಲೆ ಗೀಚಿ ಎಣಿಸಬಹುದು. ಕೊನೆಯೇ ಗೊತ್ತಿಲ್ಲದವನು ಏನನ್ನು ಎಣಿಸಬೇಕು? ದೀರ್ಘಕಾಲದ ರೋಗಿಗಳೂ, ಅವರ ಆರೈಕೆ ಮಾಡುವವರೂ ಈ ನೋವನ್ನು ಬಲ್ಲರು. ನೋವಿಗಿಂತ ಅದು ಎಂದು ಮುಗಿಯುತ್ತದೆಂದು ತಿಳಿಯದಿರುವುದೇ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ.

ಕಾಯುವುದಲ್ಲ, ಪ್ರೀತಿಸುವುದು

ಬಂಧನವಾದ ರಾತ್ರಿ ಅವರನ್ನು ವಾಹನದಲ್ಲಿ ಸೈಗಾನಿನಿಂದ ನ್ಹಾ ಟ್ರಾಂಗ್ ಕಡೆಗೆ ನಾನೂರೈವತ್ತು ಕಿಲೋಮೀಟರ್ ದೂರ ಕರೆದೊಯ್ದರು. ಅಕ್ಕಪಕ್ಕದಲ್ಲಿ ಇಬ್ಬರು ಪೊಲೀಸರು. ಆ ದಾರಿಯಲ್ಲಿ ಅವರಿಗೆ ನೆನಪಾದದ್ದು ಚೀನಾದಲ್ಲಿ 1958ರಿಂದ 1970ರವರೆಗೆ ಸೆರೆಯಲ್ಲಿದ್ದ ಧರ್ಮಾಧ್ಯಕ್ಷ ವಾಲ್ಷ್ ಅವರು. ತಮ್ಮ ಬದುಕಿನ ಅರ್ಧ ಭಾಗ ಬರಿಯ ಕಾಯುವುದರಲ್ಲೇ ಕಳೆಯಿತೆಂದು ಅವರು ಹೇಳಿದ್ದರಂತೆ. ಸೆರೆಯಾಳುಗಳೆಲ್ಲರೂ ಬಿಡುಗಡೆಗಾಗಿ ಕಾಯುತ್ತಾರೆ. ಆದರೆ ಬಿಡುಗಡೆ ಬರದೆಯೇ ಹೋದರೆ? ಆ ರಾತ್ರಿ ವಾನ್ ಥುವಾನ್ ಒಂದು ನಿರ್ಧಾರ ಮಾಡಿದರು: ತಾವು ಕಾಯುತ್ತ ಕೂರುವುದಿಲ್ಲ, ಕೈಗೆ ಬಂದ ಈ ಕ್ಷಣವನ್ನೇ ಪ್ರೀತಿಯಿಂದ ತುಂಬುತ್ತ ಬಾಳುತ್ತೇವೆ ಎಂದು.

ಆದರೆ ಸೆರೆಯಲ್ಲಿರುವ ಧರ್ಮಾಧ್ಯಕ್ಷ ತನ್ನ ಜನರನ್ನು ಪ್ರೀತಿಸುವುದು ಹೇಗೆ? ಸಂತ ಪೌಲರು ಸೆರೆಮನೆಯಿಂದಲೇ ಪತ್ರಗಳನ್ನು ಬರೆದರೆಂಬುದು ಅವರಿಗೆ ಹೊಳೆಯಿತು. ಅದೇ ಅಕ್ಟೋಬರಿನಲ್ಲಿ, ಇನ್ನೂ ಗೃಹಬಂಧನದಲ್ಲಿದ್ದಾಗ, ಏಳು ವರ್ಷದ ಒಬ್ಬ ಹುಡುಗನಿಗೆ, ತಾಯಿಗೆ ಹೇಳಿ ಹಳೆಯ ಕ್ಯಾಲೆಂಡರುಗಳನ್ನು ತರಿಸಿಕೊಡುವಂತೆ ಕೇಳಿದರು. ರಾತ್ರಿಯ ಹೊತ್ತು ಆ ಹಾಳೆಗಳ ಖಾಲಿ ಬದಿಯಲ್ಲಿ ಚಿಕ್ಕಚಿಕ್ಕ ಚಿಂತನೆಗಳನ್ನು ಬರೆದರು. ಹುಡುಗ ಅವನ್ನು ಮನೆಗೆ ಒಯ್ದ; ಮನೆಯವರು ನಕಲು ಮಾಡಿ ಹಂಚಿದರು. ಹೀಗೆ ಸೇರಿದ 1001 ಚಿಂತನೆಗಳೇ ಮುಂದೆ 'ಭರವಸೆಯ ಹಾದಿ' ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋದವು. ಕಳೆದುಹೋದ ದಿನಗಳನ್ನು ತೋರಿಸುವ ಕ್ಯಾಲೆಂಡರಿನ ಬೆನ್ನಿನ ಮೇಲೆಯೇ ಭರವಸೆಯ ಮಾತು ಬರೆಯಲ್ಪಟ್ಟಿತು.

ದೇವರು ಮತ್ತು ದೇವರ ಕೆಲಸಗಳು

ಇದೆಲ್ಲ ಅವರಿಗೆ ಸುಲಭವಾಗಿತ್ತೆಂದು ತಿಳಿಯಬೇಡಿ. ಒಂಟಿ ಸೆರೆಯಲ್ಲಿ ಕಿಟಕಿಯಿಲ್ಲದ ಕೋಣೆ, ಸೆಕೆ, ತೇವ. ಕೆಲವೊಮ್ಮೆ ಹಗಲಿರುಳೂ ದೀಪ ಉರಿಯುತ್ತಿತ್ತು. ಕೆಲವೊಮ್ಮೆ ದಿನಗಟ್ಟಲೆ ಕತ್ತಲು. ಉಸಿರಾಡಲು ನೆಲದ ಮಟ್ಟದಲ್ಲಿದ್ದ ಕಿಂಡಿಯ ಬಳಿ ಮುಖವಿಟ್ಟು ಮಲಗುತ್ತಿದ್ದರು. ಪ್ರಾರ್ಥಿಸಲೂ ಆಗದಷ್ಟು ಮನಸ್ಸು ಮಂಕಾದ ದಿನಗಳಿದ್ದವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ದೇಹದ ಕಷ್ಟಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಬೇರೊಂದು ಸಂಕಟ. ನಲವತ್ತೇಳರ ವಯಸ್ಸು, ಕೈತುಂಬ ಕೆಲಸ ಮಾಡುವ ಕಾಲ. ಕಟ್ಟಿದ ಗುರುಮಠಗಳು, ತೊಡಗಿಸಿದ ಯೋಜನೆಗಳು, ತಮ್ಮನ್ನು ನಂಬಿದ ಜನ, ಎಲ್ಲವೂ ಕೈಬಿಟ್ಟುಹೋಗುತ್ತಿವೆ. ತಾವು ಮಾತ್ರ ಇಲ್ಲಿ ವ್ಯರ್ಥವಾಗಿ ಬಿದ್ದಿದ್ದೇವೆ ಎಂಬ ಸಂಕಟ ಅದು.

ಒಂದು ರಾತ್ರಿ ಅವರ ಅಂತರಂಗದಲ್ಲಿ ಒಂದು ಬೆಳಕು ಮೂಡಿತು. ದೇವರು ಬೇರೆ, ದೇವರ ಕೆಲಸಗಳು ಬೇರೆ. ತಾವು ಮಾಡಿದ್ದೆಲ್ಲವೂ ದೇವರ ಕೆಲಸಗಳೇ, ಆದರೆ ಅವು ದೇವರಲ್ಲ. ದೇವರು ಅವನ್ನು ಹಿಂದಕ್ಕೆ ಪಡೆದು ಇತರರಿಗೆ ಒಪ್ಪಿಸಬಲ್ಲರು. ತಾವು ಆರಿಸಿಕೊಂಡದ್ದು ದೇವರನ್ನೇ ಹೊರತು ಅವರ ಕೆಲಸಗಳನ್ನಲ್ಲ. ಈ ಅರಿವಿನಿಂದ ತಮಗೆ ಹೊಸ ಶಾಂತಿ ದೊರೆಯಿತೆಂದು ಅವರು ಸಾಕ್ಷ್ಯ ನೀಡಿದ್ದಾರೆ.

ಈ ಮಾತು ಗುರುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಕ್ಕಳನ್ನು ಬೆಳೆಸುವುದು ದೇವರ ಕೆಲಸ. ಆದರೆ ಮಕ್ಕಳು ದೇವರಲ್ಲ. ಮನೆ ಕಟ್ಟುವುದು, ದುಡಿಯುವುದು, ಧರ್ಮಕೇಂದ್ರದ ಸಂಘಗಳಲ್ಲಿ ಸೇವೆ ಸಲ್ಲಿಸುವುದು ದೇವರ ಕೆಲಸ, ಅವೂ ದೇವರಲ್ಲ. ನಮ್ಮ ಬಹಳಷ್ಟು ನಿರಾಶೆಗಳ ಬುಡವನ್ನು ಕೆದಕಿ ನೋಡಿದರೆ, ದೇವರ ಮೇಲೆ ಇಡಬೇಕಾದ ಭಾರವನ್ನು ಯಾವುದೋ ಒಂದು ಒಳ್ಳೆಯ ಕೆಲಸದ ಮೇಲೆ, ಯಾವುದೋ ಒಬ್ಬ ಪ್ರೀತಿಯ ವ್ಯಕ್ತಿಯ ಮೇಲೆ ಇಟ್ಟಿರುವುದು ಕಾಣುತ್ತದೆ. ಅದು ಆ ಭಾರವನ್ನು ತಾಳದೆ ಕುಸಿದಾಗ, ದೇವರೇ ಕುಸಿದರೆಂದು ನಾವು ಅಳುತ್ತೇವೆ.

ಅಂಗೈಯೇ ಬಲಿಪೀಠ

ಮನೆಗೆ ಪತ್ರ ಬರೆದು ಬೇಕಾದ ಸಾಮಾನುಗಳನ್ನು ತರಿಸಿಕೊಳ್ಳಲು ಅವರಿಗೆ ಒಮ್ಮೆ ಅನುಮತಿ ದೊರೆಯಿತು. ಬಟ್ಟೆಬರೆಯ ಜೊತೆಗೆ ಹೊಟ್ಟೆನೋವಿಗೆ ಸ್ವಲ್ಪ ಔಷಧಿ ಕಳುಹಿಸಿ ಎಂದು ಬರೆದರು. ಮನೆಯವರಿಗೆ ಅರ್ಥವಾಯಿತು. ಹೊಟ್ಟೆನೋವಿನ ಔಷಧಿ ಎಂಬ ಚೀಟಿ ಅಂಟಿಸಿದ ಚಿಕ್ಕ ಸೀಸೆಯಲ್ಲಿ ದ್ರಾಕ್ಷಾರಸ ಬಂತು. ತೇವ ತಾಗದಂತೆ ಟಾರ್ಚಿನೊಳಗೆ ಅಡಗಿಸಿದ ರೊಟ್ಟಿಯ ಚೂರುಗಳೂ ಬಂದವು. ಅಂದಿನಿಂದ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರನ್ನು ಅಂಗೈಯಲ್ಲಿ ಇಟ್ಟುಕೊಂಡು ಅವರು ಬಲಿಪೂಜೆಯನ್ನು ಅರ್ಪಿಸಿದರು. ಅಂಗೈಯೇ ಬಲಿಪೀಠ, ಅಂಗೈಯೇ ಪಾನಪಾತ್ರೆ.

ಮುಂದೆ ಶಿಬಿರದಲ್ಲಿ ಐವತ್ತು ಮಂದಿ ಸೆರೆಯಾಳುಗಳ ಗುಂಪಿನಲ್ಲಿದ್ದಾಗ, ಒಬ್ಬೊಬ್ಬರಿಗೆ ಮಲಗಲು ಇದ್ದ ಜಾಗ ಐವತ್ತು ಸೆಂಟಿಮೀಟರ್. ಕಥೋಲಿಕ ಸೆರೆಯಾಳುಗಳು ಅವರ ಹತ್ತಿರ ಜಾಗ ಮಾಡಿಕೊಂಡರು. ರಾತ್ರಿ ದೀಪ ಆರಿದ ಮೇಲೆ ಅವರು ಹಾಸಿಗೆಯ ಮೇಲೆ ಬಗ್ಗಿ, ಬಾಯಿಪಾಠವಾಗಿದ್ದ ಪ್ರಾರ್ಥನೆಗಳಿಂದ ಬಲಿಪೂಜೆ ಅರ್ಪಿಸಿ, ಸೊಳ್ಳೆಪರದೆಯ ಕೆಳಗಿನಿಂದ ಪರಮಪ್ರಸಾದವನ್ನು ದಾಟಿಸುತ್ತಿದ್ದರು. ಸಿಗರೇಟು ಪೊಟ್ಟಣದ ಕಾಗದದಲ್ಲಿ ಸುತ್ತಿದ ಪರಮಪ್ರಸಾದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಸೆರೆಯಾಳುಗಳು ರಾತ್ರಿಯಲ್ಲಿ ಸರದಿಯಂತೆ ಆರಾಧನೆ ಮಾಡುತ್ತಿದ್ದರು.

ಪ್ರತಿ ಭಾನುವಾರ ವಿದ್ಯುತ್ ದೀಪಗಳ ಕೆಳಗೆ, ಗಾಯನವೃಂದದ ಹಾಡಿನ ನಡುವೆ ನಾವು ಸ್ವೀಕರಿಸುವುದೂ ಆ ಮೂರು ಹನಿಗಳಲ್ಲಿದ್ದ ಅದೇ ಪ್ರಭುವನ್ನು. ಬಲಿಪೂಜೆ ಭರವಸೆಯ ಮೂಲ ಎಂದು ಧರ್ಮಸಭೆ ಹೇಳುವುದು ಅಲಂಕಾರದ ಮಾತಲ್ಲ. ತನ್ನನ್ನೇ ಮುರಿದು ಕೊಟ್ಟವನು, ಸತ್ತು ಜೀವಂತನಾಗಿ ಎದ್ದವನು, ಇಲ್ಲಿ ತನ್ನ ಮಾತನ್ನು ನಮಗೆ ಮತ್ತೆ ಕೊಡುತ್ತಾನೆ. ಭರವಸೆಯನ್ನು ಕೊಡುವ ವ್ಯಕ್ತಿ ಆತನೇ.

ಕಾವಲುಗಾರನ ಪ್ರಶ್ನೆ

ಒಂಟಿ ಸೆರೆಯಲ್ಲಿ ಅವರನ್ನು ಕಾಯಲು ಐದು ಮಂದಿ ಕಾವಲುಗಾರರಿದ್ದರು. ಮೊದಮೊದಲು ಅವರು ಮಾತೇ ಆಡುತ್ತಿರಲಿಲ್ಲ. ಈ ಧರ್ಮಾಧ್ಯಕ್ಷರ ಪ್ರಭಾವಕ್ಕೆ ಸಿಲುಕಬಾರದೆಂದು ಮೇಲಧಿಕಾರಿಗಳು ಹದಿನೈದು ದಿನಕ್ಕೊಮ್ಮೆ ಗುಂಪನ್ನು ಬದಲಿಸುತ್ತಿದ್ದರು. ಕೆಲಕಾಲದ ಮೇಲೆ ಬದಲಿಸುವುದನ್ನೇ ಬಿಟ್ಟರು. ಹೀಗೆಯೇ ಬಿಟ್ಟರೆ ಇಡೀ ಪೊಲೀಸ್ ಪಡೆಯೇ ಕೆಟ್ಟುಹೋದೀತೆಂಬುದು ಅವರ ಭಯ!

ಆಗಿದ್ದಾದರೂ ಏನು? ತಮ್ಮ ಬಳಿ ಕೊಡಲು ಏನೂ ಇಲ್ಲದಾಗಲೂ ಪ್ರೀತಿಯನ್ನು ಕೊಡಬಹುದೆಂದು ಅವರು ಕಂಡುಕೊಂಡರು. ನಗುಮುಖದಿಂದ ಮಾತನಾಡಿಸಿದರು, ತಾವು ನೋಡಿದ ದೇಶಗಳ ಕಥೆ ಹೇಳಿದರು, ಕಲಿಯಬಯಸಿದವರಿಗೆ ಇಂಗ್ಲಿಷ್, ಫ್ರೆಂಚ್ ಕಲಿಸಿದರು. ಒಂದು ದಿನ ಒಬ್ಬ ಕಾವಲುಗಾರ ನೇರವಾಗಿ ಕೇಳಿಯೇಬಿಟ್ಟ, ನೀವು ನಮ್ಮನ್ನು ನಿಜವಾಗಿ ಪ್ರೀತಿಸುತ್ತೀರಾ ಎಂದು. ಹೌದು ಎಂದರು. ಕಾರಣವಿಲ್ಲದೆ ಇಷ್ಟು ವರ್ಷ ಸೆರೆಯಲ್ಲಿಟ್ಟವರನ್ನು ಹೇಗೆ ಪ್ರೀತಿಸಲು ಸಾಧ್ಯ ಎಂಬುದು ಅವನ ಬೆರಗು. ಯೇಸು ಹಾಗೆ ಕಲಿಸಿದ್ದಾರೆ, ಪ್ರೀತಿಸದಿದ್ದರೆ ತಾನು ಕ್ರೈಸ್ತ ಎನಿಸಿಕೊಳ್ಳಲು ಯೋಗ್ಯನಲ್ಲ ಎಂಬುದು ಅವರ ಉತ್ತರ.

ಮರ ಕಡಿಯುವ ಕೆಲಸಕ್ಕೆ ಹಾಕಿದಾಗ ಶಿಲುಬೆಯಾಕಾರದ ಒಂದು ತುಂಡನ್ನು ಕತ್ತರಿಸಿಕೊಳ್ಳಲು ಕಾವಲುಗಾರನೊಬ್ಬ ಕಣ್ಣುಮುಚ್ಚಿ ಅವಕಾಶ ಕೊಟ್ಟ. ಅದನ್ನು ಸಾಬೂನಿನ ಒಳಗೆ ಅಡಗಿಸಿಟ್ಟರು. ಇನ್ನೊಬ್ಬ, ಬೇರೊಂದು ಸೆರೆಮನೆಯಲ್ಲಿ, ವಿದ್ಯುತ್ ತಂತಿಯ ತುಂಡನ್ನೂ ಇಕ್ಕಳವನ್ನೂ ತಂದುಕೊಟ್ಟು, ಸರಪಳಿ ಮಾಡಲು ತಾನೂ ಕೈಜೋಡಿಸಿದ. ಬಿಡುಗಡೆಯಾದ ಮೇಲೂ ಆ ಶಿಲುಬೆಯನ್ನೇ ಅವರು ಎದೆಯ ಮೇಲೆ ಧರಿಸಿದರು. ಸೆರೆಮನೆಯ ಮರ, ಸೆರೆಮನೆಯ ತಂತಿ, ಕಾವಲುಗಾರನ ಕೈಕೆಲಸ: ಧರ್ಮಾಧ್ಯಕ್ಷರಿಗೆ ಇದಕ್ಕಿಂತ ಬೆಲೆಬಾಳುವ ಆಭರಣ ಯಾವುದಿದ್ದೀತು?

ಪ್ರೀತಿ ಅವರ ಬೇಡಿಯನ್ನು ಕಳಚಲಿಲ್ಲ, ನಿಜ. ಆದರೆ ದ್ವೇಷ ಇನ್ನೊಂದು ಬೇಡಿ ತೊಡಿಸದಂತೆ ಅದು ತಡೆಯಿತು. ದ್ವೇಷಿಸುವವನಿಗೆ ನಾಳೆ ಎಂಬುದಿಲ್ಲ. ಅವನು ನಿನ್ನೆಯ ಗಾಯದಲ್ಲೇ ಬದುಕುತ್ತಾನೆ. ಪ್ರೀತಿಸುವವನು ಮಾತ್ರ, ಎದುರಿಗಿರುವ ಮನುಷ್ಯ ಬದಲಾಗಬಲ್ಲ ಎಂದು ನಂಬುತ್ತಾನೆ. ಹೀಗೆ ಪ್ರೀತಿಯೇ ಭರವಸೆಯ ತಾಯಿ.

ತಾಳ್ಮೆಯೆಂದರೆ ಅನ್ಯಾಯಕ್ಕೆ ತಲೆಬಾಗುವುದೇ?

ಇಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ನ್ಯಾಯವಾದ ಸಂದೇಹ ಬರಬಹುದು. "ತಾಳಿದವನು ಬಾಳಿಯಾನು" ಎಂಬ ಗಾದೆ ನಮ್ಮಲ್ಲಿದೆ. ಆದರೆ ತಾಳು ತಾಳು ಎಂದು ಹೇಳಿಯೇ ನಾವು ಎಷ್ಟೋ ಜನರ ಬಾಯಿ ಮುಚ್ಚಿಸಿಲ್ಲವೇ? ಗಂಡನಿಂದ ಹೊಡೆಸಿಕೊಳ್ಳುವ ಹೆಣ್ಣುಮಗಳಿಗೆ, ವರದಕ್ಷಿಣೆಯ ಚುಚ್ಚುಮಾತಿನಿಂದ ನಲುಗಿದ ಸೊಸೆಗೆ, ಕೂಲಿ ಕೇಳಲು ಹೆದರುವ ಕೆಲಸದವನಿಗೆ, ಶಿಲುಬೆ ಹೊತ್ತುಕೋ ಎಂದು ಉಪದೇಶಿಸುವುದು ಸುಲಭ. ಅದು ಕ್ರೈಸ್ತ ತಾಳ್ಮೆಯೇ?

ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವವಾದ ಗುಣ, ಆ ಗುಣದಿಂದ ಭರವಸೆ ಹುಟ್ಟುತ್ತದೆಂದು ಕಲಿಸುತ್ತಾರೆ. ಅಲ್ಲಿ ಅವರು ಬಳಸುವ 'ಹ್ಯುಪೊಮೊನೆ' ಎಂಬ ಗ್ರೀಕ್ ಪದದ ಮೂಲಾರ್ಥ ಭಾರದ ಕೆಳಗೂ ನಿಂತಿರುವುದು. ನೆಲಕ್ಕೆ ಕುಸಿದು ಬೀಳುವುದಲ್ಲ, ನಿಂತಿರುವುದು. ಪ್ರಭು ಯೇಸು ವಿಚಾರಣೆಯ ವೇಳೆ ಕೆನ್ನೆಗೆ ಹೊಡೆಸಿಕೊಂಡಾಗ ಏನು ಮಾಡಿದರು? ಯೊವಾನ್ನರ ಶುಭಸಂದೇಶದ ಹದಿನೆಂಟನೆಯ ಅಧ್ಯಾಯವನ್ನು ತೆರೆದು ನೋಡಿ. ತಿರುಗಿ ಹೊಡೆಯಲಿಲ್ಲ, ಆದರೆ ಸುಮ್ಮನೆಯೂ ಇರಲಿಲ್ಲ. ತಮ್ಮ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲವಾದರೆ ಏಕೆ ಹೊಡೆದೆ ಎಂದು ಕಾವಲಾಳನ್ನು ಕೇಳಿದರು. ದ್ವೇಷವಿಲ್ಲದೆ ಸತ್ಯವನ್ನು ಕೇಳುವುದು, ಇದೇ ಕ್ರೈಸ್ತ ತಾಳ್ಮೆ.

ಧರ್ಮಸಭೆಯ ಕಾನೂನು ಕೂಡ ಇದನ್ನು ಬಲ್ಲುದು. ಪತಿ ಅಥವಾ ಪತ್ನಿಯಿಂದ ಸಂಗಾತಿಯ ಇಲ್ಲವೇ ಮಕ್ಕಳ ಆತ್ಮಕ್ಕೋ ದೇಹಕ್ಕೋ ಗಂಭೀರ ಅಪಾಯ ಒದಗಿದರೆ, ಬೇರೆಯಾಗಿ ವಾಸಿಸಲು ನ್ಯಾಯವಾದ ಕಾರಣವಿದೆಯೆಂದು 1153ನೆಯ ವಿಧಿ ಹೇಳುತ್ತದೆ. ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ಇದೆ. ಇವುಗಳ ನೆರವು ಪಡೆಯುವ ಸಹೋದರಿ ತನ್ನ ಶಿಲುಬೆಯನ್ನು ಕೆಳಗಿಟ್ಟಳೆಂದು ಯಾರೂ ಬೆರಳು ತೋರಿಸಬಾರದು. ತಪ್ಪಿಸಬಹುದಾದ ಅನ್ಯಾಯ ಶಿಲುಬೆಯಲ್ಲ. ಸತ್ಯಕ್ಕಾಗಿ, ಪ್ರೀತಿಗಾಗಿ ತಪ್ಪಿಸಲಾಗದೆ ಬರುವ ನೋವು ಶಿಲುಬೆ.

ವಾನ್ ಥುವಾನ್ ಅವರೂ ತಮ್ಮ ಬಂಧನ ನ್ಯಾಯವೆಂದು ಒಪ್ಪಿಕೊಂಡವರಲ್ಲ. 1991ರಲ್ಲಿ ರೋಮಿಗೆ ಹೋದ ಅವರಿಗೆ ಸ್ವದೇಶಕ್ಕೆ ಮರಳಲು ಅವಕಾಶವಾಗಲಿಲ್ಲ. 1994ರಲ್ಲಿ ಅವರು ನ್ಯಾಯ ಮತ್ತು ಶಾಂತಿಗಾಗಿ ಇದ್ದ ವ್ಯಾಟಿಕನ್ ಮಂಡಳಿಯ ಉಪಾಧ್ಯಕ್ಷರಾದರು, 1998ರಲ್ಲಿ ಅಧ್ಯಕ್ಷರಾದರು. ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಒಂದೆಡೆ ಸೇರಿಸುವ ಸಂಗ್ರಹದ ಕೆಲಸ ಅವರ ಕಾಲದಲ್ಲಿ ಆರಂಭವಾಗಿ, ಅವರ ಮರಣಾನಂತರ 2004ರಲ್ಲಿ ಪ್ರಕಟವಾಯಿತು. ಅನ್ಯಾಯವನ್ನು ತಾಳಿದವರು ಇತರರಿಗೆ ನ್ಯಾಯ ದೊರಕಲೆಂದು ದುಡಿದರು. ತಾಳ್ಮೆ ನಿಜವಾದದ್ದೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಬಿಡುಗಡೆಯಾಗದವರ ಭರವಸೆ

ಮತ್ತೊಂದು ಸಂದೇಹ ಇನ್ನೂ ಕಠಿಣವಾದದ್ದು. ಇವರಿಗೆ ಹದಿಮೂರು ವರ್ಷಗಳ ಮೇಲಾದರೂ ಬಿಡುಗಡೆಯಾಯಿತು. ಆದುದರಿಂದ ನಾವು ಇವರ ಕಥೆ ಹೇಳುತ್ತೇವೆ. ಬಿಡುಗಡೆಯನ್ನೇ ಕಾಣದೆ ಹೋದವರ ಭರವಸೆ ಏನಾಯಿತು? 1988ರಲ್ಲಿಯೇ, ವಾನ್ ಥುವಾನ್ ಹೊರಬರುವುದಕ್ಕೆ ಐದು ತಿಂಗಳು ಮೊದಲು, ಜೂನ್ 19ರಂದು ವಿಶ್ವಗುರು ಎರಡನೆಯ ಜಾನ್ ಪೌಲರು ವಿಯೆಟ್ನಾಮಿನ 117 ರಕ್ತಸಾಕ್ಷಿಗಳನ್ನು ಸಂತರೆಂದು ಘೋಷಿಸಿದರು. ಅವರು ಯಾರೂ ಬದುಕಿ ಹೊರಬಂದವರಲ್ಲ. ಅವರಲ್ಲೊಬ್ಬರಾದ ಸಂತ ಪೌಲ್ ಲೆ ಬಾವೊ ಟಿನ್ ಅವರು 1857ರಲ್ಲಿ ಪ್ರಾಣ ತೆತ್ತರು. ಸೆರೆಮನೆಯ ಘೋರವನ್ನೂ ಅದರ ನಡುವೆ ತಮಗಿದ್ದ ಆನಂದವನ್ನೂ ವಿವರಿಸಿ ಅವರು ಬರೆದ ಪತ್ರವನ್ನು ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು 2007ರ ನವೆಂಬರ್ 30ರಂದು ಭರವಸೆಯ ಕುರಿತು ಹೊರಡಿಸಿದ ವಿಶ್ವಪರಿಪತ್ರದಲ್ಲಿ ನೆನೆದಿದ್ದಾರೆ. ಅದೇ ಪರಿಪತ್ರದಲ್ಲಿ ಕಾರ್ಡಿನಲ್ ವಾನ್ ಥುವಾನರ ಪ್ರಾರ್ಥನಾ ಜೀವನವೂ ಉಲ್ಲೇಖಗೊಂಡಿದೆ. ಹೊರಬಂದವರು, ಬಾರದವರು ಇಬ್ಬರನ್ನೂ ಒಂದೇ ಭರವಸೆಯ ಸಾಕ್ಷಿಗಳೆಂದು ಧರ್ಮಸಭೆ ಕಾಣುತ್ತದೆ.

ಏಕೆಂದರೆ ಕ್ರೈಸ್ತ ಭರವಸೆಯ ಕೊನೆಯ ವಸ್ತು ಬಿಡುಗಡೆಯಲ್ಲ, ಆರೋಗ್ಯವಲ್ಲ, ಋಣಮುಕ್ತಿಯಲ್ಲ. ಇವೆಲ್ಲವನ್ನೂ ನಾವು ಪ್ರಾರ್ಥಿಸಬಹುದು, ಪ್ರಾರ್ಥಿಸಬೇಕು, ಅದಕ್ಕಾಗಿ ದುಡಿಯಲೂ ಬೇಕು. ಆದರೆ ಭರವಸೆಯ ಕೊನೆಯ ವಸ್ತು ದೇವರೇ. ಮರಣವೂ ನಮ್ಮನ್ನು ಕಿತ್ತುಕೊಳ್ಳಲಾಗದ ಅವರ ಪ್ರೀತಿ. ಹಿಬ್ರಿಯರಿಗೆ ಬರೆದ ಪತ್ರ ಭರವಸೆಯನ್ನು ಲಂಗರಿಗೆ ಹೋಲಿಸುತ್ತದೆ. ರೋಮಿನ ಪ್ರಾಚೀನ ಸಮಾಧಿ ಸುರಂಗಗಳಲ್ಲಿ ಕ್ರೈಸ್ತರು ತಮ್ಮವರ ಗೋರಿಗಳ ಮೇಲೆ ಲಂಗರಿನ ಚಿತ್ರವನ್ನು ಕೆತ್ತಿದರು. ನಮ್ಮ ಕರಾವಳಿಯ ಮೀನುಗಾರ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಲಂಗರು ಅಲೆಯನ್ನು ನಿಲ್ಲಿಸುವುದಿಲ್ಲ, ಗಾಳಿಯನ್ನು ತಡೆಯುವುದಿಲ್ಲ. ದೋಣಿ ಬಂಡೆಗೆ ಬಡಿಯದಂತೆ ಹಿಡಿದಿಡುತ್ತದೆ. ಅದು ಹಿಡಿದಿರುವ ನೆಲ ನಮ್ಮ ಕಣ್ಣಿಗೆ ಕಾಣುವುದೂ ಇಲ್ಲ. ಪೌಲರು ರೋಮಿಗೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಾಗ ನಾವಿಕರು ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಇಳಿಬಿಟ್ಟು ಬೆಳಗಾಗಲೆಂದು ಬೇಡಿಕೊಂಡರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಲಂಗರನ್ನೂ ಹಾಕಿದರು, ಪ್ರಾರ್ಥನೆಯನ್ನೂ ಮಾಡಿದರು. ಹಡಗು ಒಡೆಯಿತು, ಆದರೆ ಒಬ್ಬರ ಪ್ರಾಣವೂ ಹೋಗಲಿಲ್ಲ.

ಭರವಸೆಗೆ ವಿರುದ್ಧವಾದ ಪಾಪಗಳು ಎರಡು ಎಂದು ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ದೇವರಿಂದಲೂ ಆಗದು ಎನ್ನುವ ನಿರಾಶೆ ಒಂದು. ದೇವರು ಹೇಗಿದ್ದರೂ ಮಾಡುತ್ತಾರೆ, ನಾನೇನೂ ಮಾಡಬೇಕಿಲ್ಲ ಎನ್ನುವ ಅತಿವಿಶ್ವಾಸ ಇನ್ನೊಂದು. ಆರಂಭದಲ್ಲಿ ನೋಡಿದ ಆ ಎರಡು ಸುಲಭ ಉತ್ತರಗಳಿಗೂ ಇವುಗಳಿಗೂ ನೆಂಟಸ್ತಿಕೆ ಇದೆ. 'ಎಲ್ಲ ಸರಿಹೋಗುತ್ತದೆ' ಎನ್ನುತ್ತ ಕೈಕಟ್ಟಿ ಕುಳಿತರೆ ಅದು ಅತಿವಿಶ್ವಾಸ. 'ಸಹಿಸಿಕೊಳ್ಳಿ, ಏನೂ ಬದಲಾಗದು' ಎಂದರೆ ಅದು ಭಕ್ತಿಯ ವೇಷ ತೊಟ್ಟ ನಿರಾಶೆ.

ನಮ್ಮ ಮನೆಗಳಲ್ಲಿ

ಹಾಗಾದರೆ "ಯಾವ ಭರವಸೆ ಉಳಿದಿದೆ?" ಎಂದು ಕೇಳುವವರಿಗೆ ನಾವು ಏನು ಹೇಳಬೇಕು? ಬಹುಶಃ ಮೊದಲು ಏನನ್ನೂ ಹೇಳದೆ ಅವರ ಬಳಿ ಕುಳಿತುಕೊಳ್ಳಬೇಕು. ಭರವಸೆ ಇನ್ನೊಬ್ಬರು ಕೊಡುವಂಥದ್ದು ಎಂದೆವಲ್ಲ, ದೇವರು ಅದನ್ನು ಸಾಮಾನ್ಯವಾಗಿ ಮನುಷ್ಯರ ಕೈಯಿಂದಲೇ ಕೊಡಿಸುತ್ತಾರೆ. ಏಳು ವರ್ಷದ ಹುಡುಗ ತಂದ ಹಳೆಯ ಕ್ಯಾಲೆಂಡರಿನಿಂದ, ಮನೆಯವರು ಕಳುಹಿಸಿದ ಸಣ್ಣ ಸೀಸೆಯಿಂದ, ಕಾವಲುಗಾರ ತಂದ ತಂತಿಯ ತುಂಡಿನಿಂದ ಒಬ್ಬ ಸೆರೆಯಾಳಿನ ಭರವಸೆ ಉಳಿಯಿತು. ನಮ್ಮ ಬೀದಿಯ ರೋಗಿಗೆ ವಾರಕ್ಕೊಮ್ಮೆ ಒಯ್ಯುವ ಗಂಜಿ, ಆರೈಕೆ ಮಾಡಿ ದಣಿದ ಮಗಳಿಗೆ ಒಂದು ರಾತ್ರಿ ನಿದ್ದೆ ಮಾಡಲು ಬಿಟ್ಟು ನಾವು ಕಾಯುವ ಕಾವಲು, ಸಾಲದಲ್ಲಿ ಮುಳುಗಿದವನ ಜೊತೆ ಬ್ಯಾಂಕಿಗೆ ಹೋಗಿ ನಿಲ್ಲುವ ಒಂದು ಮಧ್ಯಾಹ್ನ, ಇವು ಮೂರು ಹನಿ ದ್ರಾಕ್ಷಾರಸಕ್ಕಿಂತ ದೊಡ್ಡವಲ್ಲ. ಆದರೆ ಅಷ್ಟೇ ಸಾಕು.

ನೀವೇ ಆ ಕತ್ತಲೆಯಲ್ಲಿ ಇರುವವರಾದರೆ, ನಾಳೆಯ ಇಡೀ ಭಾರವನ್ನು ಇಂದೇ ಎತ್ತಲು ಹೋಗಬೇಡಿ. ಇಂದಿನ ದಿನದಲ್ಲಿ ಪ್ರೀತಿಯಿಂದ ಮಾಡಬಹುದಾದ ಒಂದು ಕೆಲಸ ಇದ್ದೇ ಇರುತ್ತದೆ; ಅದನ್ನು ಮಾಡಿ. ದೀರ್ಘ ಪ್ರಾರ್ಥನೆ ಮಾಡಲಾಗದಿದ್ದರೆ ಒಂದು ನಮೋ ಮರಿಯಾ ಸಾಕು. ಅದೂ ಆಗದಿದ್ದರೆ, ಪ್ರಭುವೇ ಇಲ್ಲಿದ್ದೇನೆ ಎನ್ನುವುದೂ ಪ್ರಾರ್ಥನೆಯೇ. ಮುಚ್ಚಿಡದೆ ನಂಬಿಕೆಯವರೊಬ್ಬರ ಬಳಿ ನಿಮ್ಮ ನೋವನ್ನು ಹೇಳಿಕೊಳ್ಳಿ. ಮನಸ್ಸಿನ ಕಾಯಿಲೆಗೆ ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯಲ್ಲ. ಹೊಟ್ಟೆನೋವಿನ ಔಷಧಿ ಎಂದು ಬರೆದು ಸಹಾಯ ಕೇಳಿದ ಧರ್ಮಾಧ್ಯಕ್ಷರೂ ಕೇಳಿದರಲ್ಲವೇ? ಕೇಳಿದ್ದರಿಂದಲೇ ದೊರೆಯಿತು.

2000ದ ತಪಸ್ಸುಕಾಲದಲ್ಲಿ ವಿಶ್ವಗುರು ಎರಡನೆಯ ಜಾನ್ ಪೌಲರಿಗೂ ವ್ಯಾಟಿಕನ್ನಿನ ಅಧಿಕಾರಿಗಳಿಗೂ ಧ್ಯಾನಕೂಟವನ್ನು ನಡೆಸಿಕೊಟ್ಟ ಆ ಮಾಜಿ ಸೆರೆಯಾಳು, 2001ರಲ್ಲಿ ಕಾರ್ಡಿನಲ್ ಆದರು. 2002ರ ಸೆಪ್ಟೆಂಬರ್ 16ರಂದು ರೋಮಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಎರಡನೆಯ ಬಾರಿ ಒಂದು ಚಿಕ್ಕ ಕೋಣೆ, ಎರಡನೆಯ ಬಾರಿ ಗೊತ್ತಿಲ್ಲದ ಅವಧಿ. ಈ ಸಲ ಬಾಗಿಲು ತೆರೆದದ್ದು ತಂದೆಯ ಮನೆಯ ಕಡೆಗೆ. 2017ರಲ್ಲಿ ವಿಶ್ವಗುರು ಫ್ರಾನ್ಸಿಸರು ಅವರ ಸದ್ಗುಣಗಳನ್ನು ಮಾನ್ಯಮಾಡಿ ಅವರನ್ನು ಪೂಜ್ಯರೆಂದು ಘೋಷಿಸಿದರು.

ಪ್ರಿಯ ಕುಟುಂಬಗಳೇ, ಭರವಸೆ ನಾವು ಬಲವಂತದಿಂದ ಮನಸ್ಸಿನೊಳಗೆ ತುಂಬಿಕೊಳ್ಳಬೇಕಾದ ಒಂದು ಭಾವನೆಯಲ್ಲ. ಅದು ನಮಗೆ ಮಾತು ಕೊಟ್ಟಿರುವ ಒಬ್ಬ ವ್ಯಕ್ತಿಯ ಕೈಯನ್ನು ಬಿಡದಿರುವುದು, ಆ ಕೈಯಿಂದಲೇ ಇನ್ನೊಬ್ಬರ ಕೈಯನ್ನು ಹಿಡಿಯುವುದು. ಪುನರುತ್ಥಾನಗೊಂಡ ಪ್ರಭು ನಿಮ್ಮ ಮನೆಗಳಲ್ಲಿ ಈ ಭರವಸೆಯ ದೀಪವನ್ನು ಉರಿಸಲಿ. ಶಿಲುಬೆಯ ಬಳಿ ಕುಸಿಯದೆ ನಿಂತ ಮಾತೆ ಮರಿಯಮ್ಮನವರು ನಿಮ್ಮೊಡನೆ ನಿಲ್ಲಲಿ.